ಮೇಲಿನ ಸಾಲಿನ ಒಪ್ಪಿಗೆ

ಲೇಡೀಸ್ ಹಾಸ್ಟೆಲ್, ರೂಮ್ ನಂಬರ್ ಹದಿನಾಲ್ಕು
ನವೆಂಬರ್ ೧೨, ಮಂಗಳವಾರ, ಮಧ್ಯಾಹ್ನ

ನನ್ನ ಅಮ್ಮನಿಗೆ,

ಮೊದಲು ಕ್ಷಮಿಸಿಬಿಡು, ಫೋನ್ ಬಿಟ್ಟು ಕಾಗದ ಬರೀತಿರೋದಕ್ಕೆ. ಕಾಗದ ಓದೋದು ನಿನಗೆ ಎಷ್ಟು ಹೊತ್ತಿನ ಕೆಲಸ ಅಂತ ನನಗೆ ಗೊತ್ತು. ಅದಕ್ಕೇ ಅಕ್ಷರ ದಪ್ಪ ಮಾಡಿ, ಬಿಡಿಸಿ ಬಿಡಿಸಿ ಬರೀತಿದ್ದೀನಿ. ಒತ್ತಕ್ಷರ ಬಂದ ಕಡೆ ಇನ್ನೂ ದಪ್ಪ. ನಿನ್ನ ಆಫೀಸಿಗೆ ಫೋನ್ ಮಾಡಿದರೆ ಗುಮಾಸ್ತರು ಸ್ಪೀಕರ್ ಹಾಕಿ, 'ಮೇಡಂ, ನಿಮ್ಮ ಮಗಳು' ಅಂತ ಮೇಜಿನ ಮಧ್ಯೆ ಇಡ್ತಾರೆ. ಆಮೇಲೆ ಅಲ್ಲಿ ಕೂತಿರೋ ಅಷ್ಟೂ ಮೆಂಬರುಗಳಿಗೆ ಕೇಳೋ ಹಾಗೆ ನಾನು 'ಊಟ ಆಯ್ತಾ' ಅನ್ನೋದು ಬಿಟ್ಟು ಇನ್ನೇನು ಕೇಳಲಿ? ಮನೆಗೆ ಮಾಡಿದರೆ ಅಪ್ಪ ಎತ್ತುತ್ತಾರೆ. ಇದನ್ನ ಯಾರ ಕೈಲೂ ಓದಿಸಬೇಡ. ದೊಡ್ಡಮ್ಮನ ಕೈಲಂತೂ ಬೇಡವೇ ಬೇಡ. ಎರಡು ದಿನ ಹಿಡಿದರೂ ಪರವಾಗಿಲ್ಲ, ನೀನೇ ಓದು.

ಬೆನ್ನುನೋವು ಹೇಗಿದೆ? ಹತ್ತೊಂಬತ್ತು ವರ್ಷ ಗಣಿಯ ಬೆಲ್ಟಿನ ಪಕ್ಕ ನಿಂತು ಅದಿರಿನಲ್ಲಿ ಕಲ್ಲು ಆರಿಸಿದವಳಿಗೆ ಬರದ ನೋವು ಪುರಸಭೆ ಅಧ್ಯಕ್ಷೆ ಕುರ್ಚೀಲಿ ಕೂತ ಎಂಟೇ ತಿಂಗಳಿಗೆ ಬಂತಲ್ಲ ಅಂತ ಕಳೆದ ಸಲ ಇಬ್ಬರೂ ನಕ್ಕಿದ್ದೆವು. ಕುರ್ಚಿಗೆ ಒಂದು ದಿಂಬು ಇಟ್ಕೋ. ಪುರಸಭೆಯವರು ನಕ್ಕರೆ ನಗಲಿ. ಕೆಮ್ಮಿನ ಸಿರಪ್ಪನ್ನ ಅಪ್ಪ ಜ್ಞಾಪಿಸಿದಾಗ ಮಾತ್ರ ಕುಡಿಯೋದಲ್ಲ, ದಿನಾ ಕುಡಿಬೇಕು. ರಾತ್ರಿ ಕೆಮ್ಮಿದೆಯಾ ಅಂತ ಕೇಳಿದರೆ 'ಇಲ್ಲಪ್ಪಾ' ಅಂತೀಯ. ನಿನ್ನ ಆ 'ಇಲ್ಲಪ್ಪಾ' ನನಗೆ ಗೊತ್ತಿಲ್ಲವಾ?

ನಾನು ಚೆನ್ನಾಗಿದ್ದೀನಿ ಅಂತ ಬರೆದು ಹೊಡೆದುಹಾಕಿದೆ, ಮೇಲೆ ಕಾಣ್ತಿರೋ ಗೀಟು ಅದೇ. ಇಲ್ಲಿ ನನಗೆ 'ಅದಿರು' ಅಂತ ಹೆಸರು ಬಿದ್ದಿದೆ. ಮೊದಲನೇ ವಾರ ನಾನು ಸಾಕ್ಸ್ ನೆನೆಹಾಕಿದ ಬಕೆಟ್ಟಿನ ಕೆಂಪು ನೀರು ನೋಡಿ ರೂಮ್‌ಮೇಟ್ ಕಿರುಚಿದಳು. 'ಏನೇ ಇದು, ಯಾರನ್ನಾದರೂ ಮುಗಿಸಿ ಬಂದಿದ್ಯಾ?' ಉತ್ತರದ ಗಣಿ ಕಡೆಯವರ ಬಟ್ಟೆ ಹೀಗೇ ಕಣೇ, ನಮ್ಮೂರಲ್ಲಿ ಬಿಳೀ ನಾಯಿಯೂ ಕೆಂಪಗಿರುತ್ತೆ ಅಂದೆ. ಅವತ್ತಿಂದ ಮೆಸ್ಸಿನಲ್ಲಿ ತಟ್ಟೆ ಹಿಡಿದು ಹೋದರೆ 'ಅದಿರು ಲೋಡ್ ಬಂತು, ದಾರಿ ಬಿಡಿ' ಅಂತಾರೆ. ಬೇಜಾರಿಲ್ಲ, ಪ್ರೀತೀಲೇ ಅಂತಾರೆ. ಟೆನ್ಷನ್ ಕ್ಲಾಸಿಂದು. ಹತ್ತನೇ ವಯಸ್ಸಿಂದ ಹಾಸ್ಟೆಲಲ್ಲಿದ್ದು ಇಂಗ್ಲಿಷಲ್ಲೇ ಓದಿದವಳು, ಆದರೂ ಲೆಕ್ಚರರ್ ನನ್ನ ಕಡೆ ಬೆರಳು ತೋರಿಸಿದ ತಕ್ಷಣ ಎರಡೂ ಭಾಷೆ ಒಟ್ಟಿಗೆ ಓಡಿಹೋಗುತ್ತೆ.

ಊರಿನ ವಿಷಯ ಅಪ್ಪ ಹೇಳಿದರು. ಎರಡನೇ ಶಿಫ್ಟ್ ನಿಲ್ಲಿಸಿ ಮೂರು ವಾರ ಆಯ್ತಂತೆ. ಡಂಪರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಟಾರ್ಪಾಲು ಹೊದಿಸಿದ್ದಾರಂತೆ. ಅಪ್ಪ ತಮ್ಮ ಗಾಡಿ ಚಕ್ರಕ್ಕೆ ದಿನಾ ಬೆಳಿಗ್ಗೆ ಹೋಗಿ ಗಾಳಿ ನೋಡಿ ಬರ್ತಾರಂತೆ, ಓಡಿಸೋ ಹಾಗಿಲ್ಲದಿದ್ದರೂ. ಟೀ ಅಂಗಡೀಲಿ ಅವರು ಕೂತರೆ ಬೆಂಚು ಖಾಲಿಯಾಗುತ್ತಂತೆ. 'ಹೆಂಡತಿ ಕುರ್ಚಿ ಮೇಲೆ, ಗಂಡ ಕಟ್ಟೆ ಮೇಲೆ, ನಾವು ಬೀದಿ ಮೇಲೆ' ಅಂತ ಅವರ ಜೊತೆ ಹದಿನಾರು ವರ್ಷ ಗಾಡಿ ಓಡಿಸಿದವರೇ ಅಂದರಂತೆ. ಅಪ್ಪ ಇದನ್ನ ನಗ್ತಾ ಹೇಳಿದರು.

ಇದೆಲ್ಲ ಒಂದು ಹಾಳೆಗೋಸ್ಕರ. ಗಣಿಯ ಬೇಡದ ಮಣ್ಣನ್ನ ಮೇಲಿನ ಸಾಲಿನ ಮನೆಗಳ ಹಿಂದೆ ಸುರಿಯೋದಕ್ಕೆ ಪುರಸಭೆಯ ಅಭ್ಯಂತರ ಇಲ್ಲ ಅಂತ ನೀನು ಸೈನ್ ಹಾಕಬೇಕು. ಹಾಕಿದರೆ ಶಿಫ್ಟ್ ಶುರು. ಹಾಕದಿದ್ದರೆ ಮಣ್ಣು ಸುರಿಯೋಕೆ ಜಾಗ ಇಲ್ಲ ಅಂತ ಮೊದಲನೇ ಶಿಫ್ಟೂ ನಿಲ್ಲಿಸ್ತಾರೆ. ಹಾಕಿದರೆ ದೊಡ್ಡಮ್ಮನ ಮನೆ ಸೇರಿ ನಲವತ್ತು ಮನೆಗಳ ನೆತ್ತಿ ಮೇಲೆ ಆ ದಿಬ್ಬ. ಹೋದ ಮಳೆಗಾಲದಲ್ಲಿ ಸಣ್ಣ ದಿಬ್ಬ ಜಾರಿದ್ದಕ್ಕೇ ದರ್ಜಿಯ ಅಡುಗೆಮನೆ ಕಿಟಕಿವರೆಗೆ ಕೆಸರು ತುಂಬಿತ್ತು. ಹೊಲಿಗೆ ಮಷೀನನ್ನ ಅಗೆದು ತೆಗೆದರು. ದೊಡ್ಡಮ್ಮ ನಿನಗೆ ಅಂದಿದ್ದು ನನಗೆ ಇನ್ನೂ ಕಿವೀಲಿದೆ. 'ನೀನು ಸೈನ್ ಹಾಕಿದ ದಿನ ಹಾಸಿಗೆ ಸುತ್ತಿಕೊಂಡು ಬಂದು ನಿನ್ನ ಆಫೀಸಲ್ಲೇ ಮಲಗ್ತೀನಿ ಕಣೇ. ಅಲ್ಲಿಯ ಛಾವಣಿ ಗಟ್ಟಿಯಾಗಿದೆ.' ನೀನು ಆಗ ನಕ್ಕು, 'ನಾನಿರೋವರೆಗೂ ನೀನು ನಿನ್ನ ಮನೇಲೇ ಮಲಗು' ಅಂದೆ.

ನಿನ್ನೆ ಲ್ಯಾಬಿನಲ್ಲಿ ಮರಳಿನ ಪ್ರಾಕ್ಟಿಕಲ್ ಇತ್ತು. ಆಲಿಕೆಯಿಂದ ಒಣ ಮರಳು ಸುರಿದು, ರಾಶಿ ತಾನಾಗಿ ಯಾವ ಓರೆಯಲ್ಲಿ ನಿಲ್ಲುತ್ತೆ ಅಂತ ಅಳೆಯೋದು. ಮಕ್ಕಳಾಟ. ನಿಂತಿತು. ಆಮೇಲೆ ಅದರ ಮೇಲೆ ಒಂದು ಲೋಟ ನೀರು ಹಾಕಿ ಅಂದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಎಲ್ಲರೂ ಬರೆದುಕೊಳ್ಳೋಕೆ ತಲೆ ಬಗ್ಗಿಸಿದಾಗ ರಾಶಿಯ ಒಂದು ಮಗ್ಗುಲು ಸುಮ್ಮನೆ ಕಾಲು ಚಾಚಿ ಮೇಜಿನ ಅಂಚು ದಾಟಿ ನನ್ನ ಚಪ್ಪಲಿ ಮೇಲೆ ಬಿತ್ತು. ಸದ್ದೇ ಇಲ್ಲಮ್ಮಾ. ನಾನು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಮೆಸ್ಸಿನ ಊಟದ ತಪ್ಪು ಅಂತ ವಾರ್ಡನ್‌ಗೆ ಹೇಳಿದೆ.

ಗಣಿಯ ಬಿಸ್ಕತ್ತು ಸಾಹೇಬರು ಶನಿವಾರ ಹಾಸ್ಟೆಲಿಗೆ ಬಂದಿದ್ದರು. ನಿನ್ನ ಆಫೀಸಿಗೂ ಮೂರು ದಿನಕ್ಕೊಮ್ಮೆ ಬಂದು ಕೂರುವ ಅವರೇ, ಡಬ್ಬ ಹಿಡಿಯದೆ ಯಾರ ಬಾಗಿಲಿಗೂ ಹೋಗದವರು. ನನ್ನ ಹಾಗೆ ಗಣಿ ಕೋಟಾದ ಸೀಟಲ್ಲಿ ಓದೋ ಮಕ್ಕಳನ್ನ ವಿಚಾರಿಸಿಕೊಳ್ಳೋದು ಅವರ ಡ್ಯೂಟಿಯಂತೆ. 'ಗಣಿ ಇದ್ದರೆ ತಾನೇ ಮರಿ, ಗಣಿ ಕೋಟಾ?' ಅಂದರು. ಬೈದ ಹಾಗೇನೂ ಇರಲಿಲ್ಲ. ಫ್ಯಾನ್ ಸ್ಪೀಡ್ ಕಮ್ಮಿ ಮಾಡು ಅನ್ನೋ ಹಾಗೆ ಅಂದರು. ನೀನು ಮಾಡ್ತಿರೋದು ತಪ್ಪು ಅಂತ ನಾನು ಹೇಳ್ತಿಲ್ಲಮ್ಮಾ. ಸರಿ ಅಂತ ಜೋರಾಗಿ ಹೇಳೋಕೆ ನನಗೆ ಯಾವತ್ತೂ ಧೈರ್ಯ ಬರಲಿಲ್ಲ, ಅಷ್ಟೆ.

ಗಂಟೆ ಆಯ್ತು, ಕ್ಲಾಸಿದೆ. ಅಪ್ಪನಿಗೆ ಟೀ ಅಂಗಡಿಗೆ ಹೋಗೋದು ಬಿಡಬೇಡಿ ಅಂತ ಹೇಳು. ದೊಡ್ಡಮ್ಮನಿಗೆ ನಾನು ಕೇಳಿದೆ ಅಂತ ಹೇಳು. ಬೇಡ, ಅವರಿಗೆ ಏನೂ ಹೇಳಬೇಡ.

ನಿನ್ನ ಕೈ ಹಿಡ್ಕೊಂಡು ಕೂರಬೇಕು ಅನ್ನಿಸ್ತಿರೋ
ನಿನ್ನ ಮಗಳು

ತಾ.ಕ.: ಕ್ಲಾಸಿಗೆ ಹೋಗಲಿಲ್ಲ. ಕವರ್ ಅಂಟಿಸಿ ಮತ್ತೆ ಬಿಚ್ಚಿದೆ. ಆ ಹಾಳೆಗೆ ಸೈನ್ ಬಿದ್ದಾಗಿದೆ ಅಮ್ಮಾ. ನಿನ್ನ ಸೈನ್. ಹಾಕಿದ್ದು ನಾನು.

ಜುಲೈಯಲ್ಲಿ ಗಣಿಯವರು ಸ್ಕಾಲರ್‌ಶಿಪ್ ಫಂಕ್ಷನ್ ಮಾಡಿ ನನ್ನ ಕೈಲಿ ಇಂಗ್ಲಿಷಲ್ಲಿ ಭಾಷಣ ಮಾಡಿಸಿದರಲ್ಲ, ಅಲ್ಲಿ ನಗಿಸೋಕೆ ಅಂತ ಒಂದು ಕಥೆ ಹೇಳಿದ್ದೆ. ಹಾಸ್ಟೆಲ್ ಸ್ಕೂಲಲ್ಲಿ ಪ್ರೋಗ್ರೆಸ್ ಕಾರ್ಡಿಗೆ ನಾನೇ ಅಮ್ಮನ ಸೈನ್ ಕಂಡುಹಿಡಿದು ಹಾಕ್ತಿದ್ದೆ, ಅಮ್ಮ ಹೆಬ್ಬೆಟ್ಟು ಬಿಟ್ಟು ಸೈನ್ ಕಲಿಬೇಕು ಅಂದಾಗ ಅದನ್ನೇ ಅವಳಿಗೆ ಕಲಿಸಿದೆ, ಈಗ ಪುರಸಭೆಯ ಕಾಗದಗಳ ಮೇಲೆ ಇರೋದು ನನ್ನ ಐದನೇ ಕ್ಲಾಸಿನ ಸೈನು, ಅಂತ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಿಸ್ಕತ್ತು ಸಾಹೇಬರು ಕಣ್ಣೊರೆಸಿಕೊಂಡು ನಕ್ಕರು. ನೀನು ಮುಂದಿನ ಸಾಲಲ್ಲಿ ಕೂತು, ಏನು ಹೇಳಿದೆ ಅಂತ ತಿಳೀದೆ, ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಶನಿವಾರ ಅವರು ಬಿಸ್ಕತ್ತಿನ ಡಬ್ಬದ ಮೇಲೆ ಆ ಹಾಳೆ ಇಟ್ಟರು. 'ನಿಮ್ಮಮ್ಮ ಒಪ್ಪಿದ್ದಾರೆ, ಊರವರ ಎದುರಿಗೆ ಪೆನ್ನು ಹಿಡಿಯೋಕೆ ಮುಜುಗರ. ನಿನಗೇನು ಇದು ಹೊಸದಾ?' ಸುಳ್ಳು ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಹಾಕಿದೆ.

ಮುಂದಿನ ವಾರ ಗುರುವಾರದ ಸಭೇಲಿ ಅದನ್ನ ನಿನ್ನ ಒಪ್ಪಿಗೆ ಅಂತ ಓದ್ತಾರೆ. ನೀನು 'ನನ್ನದಲ್ಲ' ಅಂದರೆ ನಿನ್ನ ಹಳೇ ಸೈನುಗಳನ್ನ ಪಕ್ಕದಲ್ಲಿಟ್ಟು ತೋರಿಸ್ತಾರೆ. ಕೂದಲೆಳೆ ವ್ಯತ್ಯಾಸ ಇರಲ್ಲ. ಮಗಳು ಹಾಕಿದ್ದು ಅಂದರೆ ನನ್ನ ಸೀಟು ಹೋಗುತ್ತೆ, ಪೊಲೀಸಿನವರೂ ಬರಬಹುದು. ಸುಮ್ಮನಿದ್ದರೆ ದೊಡ್ಡಮ್ಮ.

ಈ ಕವರಲ್ಲೇ ಇನ್ನೊಂದು ಹಾಳೆ ಇದೆ. 'ಆ ಸೈನ್ ಹಾಕಿದ್ದು ನಾನು, ನಮ್ಮಮ್ಮನಿಗೆ ಗೊತ್ತಿರಲಿಲ್ಲ' ಅಂತ ಬರೆದು ಕೆಳಗೆ ನನ್ನದೇ ಹೆಸರಲ್ಲಿ ಸೈನ್ ಮಾಡಿದ್ದೀನಿ. ಅದನ್ನ ಸಭೇಲಿ ಓದಿಸು ಅಂತ ಬರೀಬೇಕು. ಮೂರು ಸಲ ಪೆನ್ನೂರಿದೆ, ಕೈ ಮುಂದೆ ಹೋಗ್ತಿಲ್ಲ. ಹರಿದುಹಾಕು ಅಂತ ಬರೆಯೋಕೂ ಆಗ್ತಿಲ್ಲ. ನನ್ನ ಭಾರ ನಿನ್ನ ಮೇಲೆ ಹಾಕ್ತಿದ್ದೀನಿ ಅಂತ ಗೊತ್ತು ಅಮ್ಮಾ.

ಕಾಗದ ಶುಕ್ರವಾರ ಸಿಗುತ್ತೆ. ಅಲ್ಲಿಂದ ಸಭೆಗೆ ಆರು ದಿನ. ಓದಿಸ್ತೀಯೋ ಇಲ್ಲವೋ, ಒಂದೇ ಸಾಲು ಸಾಕು, ನಿನ್ನ ಕೈಯಿಂದಲೇ ಬರೆದದ್ದು. ದಯವಿಟ್ಟು ಬೇಗ ಉತ್ತರ ಬರಿ.