ಟೈಲರ್ ಸಾಹೇಬರ ಕಪ್ಪು ಪ್ಯಾಂಟು

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಅಕ್ಕಾ,

ಗಂಡನ ಸಹವಾಸ ಸಾಕು, ಗಂಟುಮೂಟೆ ಕಟ್ಟಿಕೊಂಡು ನಿನ್ನ ಮನೆಗೇ ಬಂದುಬಿಡುತ್ತೇನೆ ಎಂದು ಹೋದ ತಿಂಗಳು ಬರೆದಿದ್ದೆನಲ್ಲ, ನನಗಾಗಿ ಖಾಲಿ ಮಾಡಿಸಿದ ಕೋಣೆಗೆ ನಿನ್ನ ಹಳೇ ಸಾಮಾನು ತುಂಬಿಕೋ. ನಾನು ಬರುವುದಿಲ್ಲ.

ಅನುಮಾನ ಶುರುವಾದದ್ದು ಪ್ಯಾಂಟಿನಿಂದ. ಮದುವೆಯಾದಾಗಿನಿಂದ ತಿಳಿಬಣ್ಣ ಬಿಟ್ಟು ಬೇರೆ ತೊಡದ ನಮ್ಮ ಟೈಲರ್ ಸಾಹೇಬರು, ಕಪ್ಪು ತೊಡುವವರು ಬಟ್ಟೆ ಒಗೆಯಲು ಸೋಮಾರಿಗಳು ಎಂದು ಗಿರಾಕಿಗಳನ್ನೇ ಛೇಡಿಸುತ್ತಿದ್ದವರು, ಇದ್ದಕ್ಕಿದ್ದಂತೆ ತಮಗೇ ಒಂದರ ಮೇಲೊಂದು ಕಪ್ಪು ಪ್ಯಾಂಟು ಹೊಲಿದುಕೊಂಡರು. ಹಾಸಿಗೆಯನ್ನು ಹೊರಗಿನ ಕೋಣೆಗೆ ಒಯ್ದರು. ಸಿನಿಮಾಕ್ಕೆ ಕರೆದರೆ ತಲೆನೋವು ಎಂದರು. ಅಂಗಡಿಗೆ ಫೋನ್ ಮಾಡಿದರೆ ಗುಂಡಿ ಹಚ್ಚುವ ಹೆಂಗಸಿನದು ಒಂದೇ ಮಾತು, "ಪಕ್ಕದ ಫೋಟೋ ಸ್ಟುಡಿಯೋಗೆ ಹೋಗಿದಾರೆ." ಆ ಸ್ಟುಡಿಯೋದ ಒಡತಿ ಒಂಟಿ ಹೆಂಗಸು, ಚೆಂದ ನಗುತ್ತಾಳೆ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಒಂದು ದಿನ ನೇರ ಸ್ಟುಡಿಯೋಗೇ ನುಗ್ಗಿದೆ. ಒಳಬಾಗಿಲ ಮುಂದೆ ಇವರ ಚಪ್ಪಲಿ! ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆಕೆ ಕೈಯಲ್ಲಿದ್ದ ಕ್ಯಾಮೆರಾ ಕೆಳಗಿಟ್ಟು, "ಅಯ್ಯೋ ತಾಯಿ, ಅವರು ನನ್ನ ನೋಡೋಕೆ ಬರೋದಲ್ಲ, ನಮ್ಮ ಟಾಯ್ಲೆಟ್ಟಿಗೆ ಬರ್ತಾರೆ. ಅವರಂಗಡೀಲಿ ಇಲ್ವಲ್ಲ" ಎಂದಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ಇವರು ನನ್ನನ್ನು ಕಂಡವರೇ ಪ್ಯಾಂಟಿನ ಮುಂಭಾಗಕ್ಕೆ ಕೈ ಅಡ್ಡ ಹಿಡಿದರು. ಕಪ್ಪು ಬಟ್ಟೆಯ ಮೇಲೆ ಹನಿ ಬಿದ್ದರೆ ಕಾಣುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಮನೆಗೆ ಬರುವ ದಾರಿಯಲ್ಲಿ ಎಲ್ಲ ಹೇಳಿದರು. ಅವಸರವಾದರೆ ತಡೆಯಲಾಗುವುದಿಲ್ಲ, ಹೋಗಿ ನಿಂತರೆ ಸರಿಯಾಗಿ ಆಗುವುದೂ ಇಲ್ಲ. ರಾತ್ರಿಯೆಲ್ಲ ಎದ್ದೆದ್ದು ನನ್ನ ನಿದ್ದೆ ಕೆಡಿಸಬಾರದೆಂದು ಹಾಸಿಗೆ ಬೇರೆಯಾಗಿತ್ತು. ಸಿನಿಮಾದಲ್ಲಿ ಸಾಲಿನವರ ಕಾಲು ತುಳಿದು ಓಡಾಡಲು ನಾಚಿಕೆ. ಟೀ ಬಿಟ್ಟು, ನೀರನ್ನೂ ಬಿಟ್ಟು ಬಾಯಿ ಒಣಗಿಸಿಕೊಂಡಿದ್ದರು. ಊರವರ ಸೊಂಟದ ಅಳತೆಯೆಲ್ಲ ಬಲ್ಲ ಮನುಷ್ಯನಿಗೆ ಹೆಂಡತಿಯ ಮುಂದೆ ಇಷ್ಟು ಹೇಳಲು ಬಾಯಿ ಬರಲಿಲ್ಲವೇ? ಸಿಟ್ಟೂ ಬಂತು, ಅಳುವೂ ಬಂತು.

ಮರುದಿನವೇ ಡಾಕ್ಟರ ಹತ್ತಿರ ಎಳೆದೊಯ್ದೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿಯನ್ನು ಒತ್ತುತ್ತಿದೆ, ವಯಸ್ಸಾದ ಗಂಡಸರಲ್ಲಿ ಇದು ಸಾಮಾನ್ಯ ಎಂದರು. ಕ್ಯಾನ್ಸರ್ ಅಲ್ಲ ಎಂದು ಪರೀಕ್ಷೆ ಮಾಡಿ ಹೇಳಿದ ಮೇಲೆಯೇ ನಾನು ಉಸಿರು ಬಿಟ್ಟದ್ದು. ಈಗ ಮಾತ್ರೆ ಹಿಡಿಸಿದೆ. ಹಾಸಿಗೆ ಒಳಕೋಣೆಗೆ ಬಂದಿದೆ. ನಿನ್ನೆ ಸಿನಿಮಾಕ್ಕೂ ಹೋದೆವು, ಅಂಚಿನ ಸೀಟು. ಮಧ್ಯೆ ಒಮ್ಮೆ ಎದ್ದುಹೋದರು. ಬಂದ ಮೇಲೆ ತಪ್ಪಿದ ಕಥೆಯನ್ನು ಕಿವಿಯಲ್ಲಿ ಹೇಳಿದೆ, ಹಿಂದಿನವರು ಬೈದರು. ಸ್ಟುಡಿಯೋದವಳಿಗೆ ಒಂದು ಕೋಟು ಹೊಲಿದುಕೊಡಬೇಕೆಂದು ಇವರಿಗೆ ನನ್ನ ಅಪ್ಪಣೆಯಾಗಿದೆ. ಸದ್ಯಕ್ಕೆ ಬಿಸ್ಕತ್ ಬಣ್ಣದ ಬಟ್ಟೆ ಕತ್ತರಿಸುತ್ತ ಕೂತಿದ್ದಾರೆ, ತಮಗೇ. ಎಷ್ಟೋ ದಿನದ ಮೇಲೆ ಹಾಯೆನಿಸುತ್ತಿದೆ ಅಕ್ಕಾ.

ನಿನ್ನ
ಗಲಾಟೆ ತಂಗಿ

ಮರೆತಿದ್ದೆ: ನಕ್ಕರೆ, ಸೀನಿದರೆ ನನಗೂ ಒಂದೆರಡು ಹನಿ ಜಾರುವುದು ನಿನ್ನೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ. ನಾನೂ ವರ್ಷದಿಂದ ಕಡುಬಣ್ಣವನ್ನೇ ತೊಡುತ್ತಿದ್ದೇನಲ್ಲ. ಇವರು ಈಗ ಕತ್ತರಿಯಿಂದ ತಲೆ ಎತ್ತದೆ ಕೇಳಿದರು, "ಡಾಕ್ಟರಿಗೆ ನೀನೂ ತೋರಿಸ್ಕೊಂಡು ಬಾ. ಆಮೇಲೆ ಇದೇ ಬಣ್ಣದಲ್ಲಿ ನಿನಗೂ ಒಂದು ಚೂಡಿದಾರ ಹೊಲೀಲಾ?"