ಹತ್ತು ಹೆಸರಿನ ಹಲಗೆ

ಸೆಪ್ಟೆಂಬರ್ 14, 2024

ಮಾಸ್ತಿಕಟ್ಟೆಗೆ ಹೋಗಿ ಸೊಸೈಟಿ ಬೋರ್ಡ್ ಬರೆದು ಬಂದೆ. ಫ್ಲೆಕ್ಸ್ ಬಂದಮೇಲೆ ಬ್ರಷ್ ಹಿಡಿಯುವುದೇ ಅಪರೂಪ. ಒಂದು ಕಾಲಕ್ಕೆ ಹೊಸನಗರದ ಅಂಗಡಿ ಬೋರ್ಡೂ ನಾನೇ, ಹೋರಾಟದ ಸಂಘಟನೆಯ ಗೋಡೆ ಬರಹವೂ ನಾನೇ.

ಸಂಜೆ ಲೇಖನಕ್ಕೆ ಕೂತೆ. ಸಾಗರದ ಗೆಳೆಯರ ಪತ್ರಿಕೆಗೆ— ಸೈನಿಕ ಅಕಾಡೆಮಿಗಳಲ್ಲಿ ಫುಟ್ಬಾಲ್ ಚರಿತ್ರೆ. ಮಗ ತೀರ್ಥೇಶ ಅಂಥ ಒಂದು ಅಕಾಡೆಮಿಯಲ್ಲಿ ಕೆಡೆಟ್, ಲೆಫ್ಟ್ ಬ್ಯಾಕ್ ಆಡುತ್ತಾನೆ. ಹಾಗಾಗಿ ನನ್ನ ಕೊರಳಿಗೇ ಬಿತ್ತು. ಮೊದಲ ಸಾಲು: ಬಿಳಿ ದೊರೆ ಚೆಂಡು ತಂದದ್ದು ಆಟಕ್ಕಲ್ಲ, ಆಳುವವರನ್ನು ತಯಾರಿಸಲಿಕ್ಕೆ. ಬೂಟು ಅವನದು. ಮೈದಾನಕ್ಕೆ ಸುಣ್ಣದ ಗೆರೆ ಎಳೆದವನು ನಮ್ಮವನು. ಚರಿತ್ರೆಯಲ್ಲಿ ಸುಣ್ಣದವನ ಹೆಸರಿಲ್ಲ.

ಹೆಂಡತಿ ಶ್ಯಾಮಲಾ ಓದಿದಳು. "ಹಂಗಾದ್ರೆ ನಿಮ್ಮ ಮಗನ ಕಾಲಲ್ಲಿರೋ ಬೂಟು ಯಾರ್ದು?"

ಹಾಳೆ ಮಡಚಿ ಎತ್ತಿಟ್ಟೆ.

ಸೆಪ್ಟೆಂಬರ್ 22, ಭಾನುವಾರ

ತೀರ್ಥೇಶನ ಫೋನ್. ಮುಂದಿನ ವಾರ ಅಕಾಡೆಮಿಯೊಳಗಿನ ತಂಡಗಳಾದ ಸ್ಕ್ವಾಡ್ರನ್‌ಗಳ ಫೈನಲ್. ಗೆದ್ದ ಹನ್ನೊಂದು ಜನರ ಹೆಸರನ್ನು ಊಟದ ಹಾಲಿನಲ್ಲಿ ತೇಗದ ಹಲಗೆ ಮೇಲೆ ಬಂಗಾರದ ಬಣ್ಣದಲ್ಲಿ ಬರೆಯುತ್ತಾರಂತೆ. ಮೊದಲ ಬ್ಯಾಚಿನಿಂದಲೂ.

"ಅಪ್ಪಾ, ಅಷ್ಟೂ ಹಲಗೆ ನೋಡ್ದೆ. ನಮ್ಮ ಕಡೆ ಹೆಸ್ರು ಒಂದೂ ಇಲ್ಲ."

ಆಮೇಲೆ ದನಿ ಇಳಿಸಿದ. ಎಡ ಮೊಣಕಾಲು ಊದಿದೆ. "ಡಾಕ್ಟ್ರ ಹತ್ರ ಹೋಗಿ ಸಿಕ್ ರಿಪೋರ್ಟ್ ಮಾಡ್ಲಾ? ಫೈನಲ್ ಹತ್ರ ಮಾಡಿದ್ರೆ ಹೆದರಿಕೊಂಡ ಅಂತಾರೆ..."

"ಬೇರೆಯೋರು ಹೊರಗೆ ಕೂತ್ರೆ ಒಬ್ಬ ಕೂತ ಅಂತಾರೆ. ನೀ ಕೂತ್ರೆ ಇವ್ರ ಜನಾನೇ ಇಷ್ಟು ಅಂತಾರೆ. ಯಾರ್ಗೂ ಹೇಳ್ಬ್ಯಾಡ. ಆಡು."

"ಆಯ್ತಪ್ಪ."

ಫೋನ್ ಇಟ್ಟಮೇಲೆ ಹೆಮ್ಮೆಯಾಯಿತು. ನಾನು ಬೆಳೆಸಿದ ಹುಡುಗ.

ಸೆಪ್ಟೆಂಬರ್ 30

ಗೆದ್ದರು. ಒಂದು-ಸೊನ್ನೆ. ಹೇಳಿದ್ದು ತೀರ್ಥೇಶನಲ್ಲ, ಜೋಬಿನ್— ಗೋಲ್‌ಕೀಪರ್, ಇವನ ರೂಮ್‌ಮೇಟ್. ಹಿಂದಿಯಲ್ಲಿ ಹೇಳಿದ. ಅರ್ಧ ಅರ್ಥವಾಯಿತು. ಸ್ಟ್ರೆಚರ್ ಅನ್ನುವುದು ಪೂರ್ತಿ ಅರ್ಥವಾಯಿತು.

ಡಿಸೆಂಬರ್ 8

ಎಷ್ಟು ದಿನವಾಯಿತು ಬರೆಯದೆ.

ಎರಡು ಆಪರೇಷನ್. ಮೊಣಕಾಲು ಪೂರ್ತಿ ಮಡಚುವುದಿಲ್ಲ. ಮೆಡಿಕಲ್ ಬೋರ್ಡ್ ಕೂತು ಅಕಾಡೆಮಿಯಿಂದ ಹೊರಗೆ ಕಳಿಸಿತು. ಕೆಡೆಟ್ ಅಂದರೆ ಇನ್ನೂ ಸೈನಿಕ ಅಲ್ಲವಂತೆ, ಪಿಂಚಣಿಯೂ ಇಲ್ಲವಂತೆ. ಓಡಿಸುವಾಗ ಸೈನಿಕ, ಮುರಿದಾಗ ವಿದ್ಯಾರ್ಥಿ. ಥೂ.

ಇವತ್ತು ಸಾಗರ ಸ್ಟೇಷನ್ನಿನಲ್ಲಿ ಇಳಿಸಿಕೊಂಡೆ. ಟ್ರಂಕು ನಾನು ಹೊತ್ತೆ. ಹೊಸನಗರದ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ, "ಏನ್ ಮಿಲ್ಟ್ರಿ, ರಜಾನಾ?"

"ಹ್ಞೂಂ, ರಜಾ" ಅಂದ ತೀರ್ಥೇಶ. ಕಾಲು ಓಡಾಡುವ ದಾರಿಗೆ ಚಾಚಿತ್ತು. ಇಳಿಯುವವರೆಲ್ಲ ದಾಟಿಕೊಂಡು ಹೋದರು.

ಡಿಸೆಂಬರ್ 19

ಕರಪತ್ರ ಬರೆದೆ. ಮಗನಿಗೆ ನ್ಯಾಯ ಕೊಡಿ ಅಂತ ಸಾಗರದಲ್ಲಿ ಎ.ಸಿ. ಆಫೀಸ್ ಎದುರು ಧರಣಿ. ಮಾತು ಬೆಂಕಿ ಹಾಗೆ ಬಂದವು. ತೀರ್ಥೇಶನಿಗೆ ತೋರಿಸಿದೆ.

"ನನ್ ಹೆಸ್ರು ತೆಗಿಯಪ್ಪ."

"ನಿನ್ ಹೆಸ್ರಿಲ್ದೆ ಯಾರಿಗೆ ನ್ಯಾಯ ಕೇಳೋದು?"

"ಅವತ್ತು ಯಾರ್ಗೂ ಹೇಳ್ಬ್ಯಾಡ ಅಂದೆ. ಈಗ ಊರಿಗೆಲ್ಲಾ ಹೇಳ್ತೀಯಾ?"

ನಗುತ್ತಲೇ ಅಂದ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಶ್ಯಾಮಲಾ ಹೊರಗೆ ಬರಲಿಲ್ಲ. ಅವಳಿಗೆ ಇದು ಗೊತ್ತಿರಲಿಲ್ಲ.

ಜನವರಿ 5

ಶ್ಯಾಮಲಾ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಊಟ ಬಡಿಸುತ್ತಾಳೆ, ಅಷ್ಟೇ.

ಜೋಬಿನ್ ಫೋಟೊ ಕಳಿಸಿದ. ಹಲಗೆಗೆ ಈ ಸಲದ ಹೆಸರು ಬಿದ್ದಿವೆ. ಹತ್ತು. ನಡುವೆ ಬಿಟ್ಟು ಹೋದವರ ಹೆಸರು ಹಾಕುವ ಪದ್ಧತಿ ಇಲ್ಲವಂತೆ. ತೀರ್ಥೇಶ ದೊಡ್ಡದು ಮಾಡಿ ನೋಡಿದ. ಚಿಕ್ಕದು ಮಾಡಿ ನೋಡಿದ. ಮೊಬೈಲ್ ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದ.

ಬರೆದವನ ಕೈ ಒಳ್ಳೆಯದು. ಸಾಲಿನ ನಡುವಿನ ಜಾಗ ಸ್ವಲ್ಪ ಸ್ವಲ್ಪ ಹಿಗ್ಗಿಸಿ, ಒಬ್ಬ ಇಲ್ಲದ್ದು ಕಾಣದ ಹಾಗೆ ಹೊಂದಿಸಿದ್ದಾನೆ. ನನಗೆ ಹೇಳಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ. ಕಸುಬು ಅದು.

ಲೇಖನ, ಕರಪತ್ರ ಎರಡೂ ಒಲೆಗೆ ಹಾಕಿದೆ.

ಜನವರಿ 12, ಸಂಜೆ

ನಮ್ಮೂರ ಶಾಲೆಯ ಕಾಂಪೌಂಡ್ ಗೋಡೆ. ಈ ಮೈದಾನದಲ್ಲೇ ತೀರ್ಥೇಶ ಚೆಂಡು ಒದೆಯಲು ಕಲಿತದ್ದು. ಮಗನ ಹೆಸರು ಬರೆಯಬಹುದಾ ಅಂತ ಹೆಡ್‌ಮಾಸ್ಟರ್ ಮುಕುಂದಯ್ಯನವರನ್ನು ಕೇಳಿದೆ. "ಬರೀರಿ ಮಂಜುನಾಥಪ್ಪ. ಧಿಕ್ಕಾರ ಒಂದು ಬ್ಯಾಡ ಮಾರಾಯ್ರೆ, ನಂಗೆ ಇನ್ನೊಂದೇ ವರ್ಷ ಸರ್ವಿಸ್ ಇರೋದು."

ಸುಣ್ಣ ಬಳಿದೆ. ಆಳೆತ್ತರದ ಅಕ್ಷರದಲ್ಲಿ ಒಂದೇ ಹೆಸರು ಅಂದುಕೊಂಡಿದ್ದೆ. ತೀರ್ಥೇಶ ಕಲ್ಲಿನ ಮೇಲೆ ಕಾಲು ನೀಡಿ ಕೂತಿದ್ದ.

"ನಂದೊಂದೇ ಬ್ಯಾಡ. ಟೀಮಿಂದು ಬರಿ. ಹನ್ನೊಂದೂ."

ಹರೆಯದಿಂದ ಗೋಡೆ ಮೇಲೆ ಧಿಕ್ಕಾರವನ್ನೇ ಬರೆದ ಕೈ ಇದು. ನಾಳೆ ಆಫೀಸರುಗಳಾಗುವ ಹುಡುಗರ ಹೆಸರು ಬರೆಯಿತು. ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಗೋಲಿಗೆ ಜೋಬಿನ್. ರೈಟ್ ಬ್ಯಾಕ್ ಹರ್‌ಪ್ರೀತ್. ಮುಂದೆ ಇಬೊಮ್ಚಾ, ಮಣಿಪುರದವನು, ಗೋಲು ಹೊಡೆದವನು... ಒಬ್ಬೊಬ್ಬನ ಹೆಸರಿಗೂ ಇವನ ಮುಖ ಅರಳುತ್ತಿತ್ತು.

ಹತ್ತು ಆದವು. ಬ್ರಷ್ ಅದ್ದಿ ಕಾದೆ.

"ಲೆಫ್ಟ್ ಬ್ಯಾಕ್?" ಅಂದೆ.

ಮೈದಾನದ ಕಡೆ ನೋಡುತ್ತಿದ್ದ. ಬಣ್ಣ ನನ್ನ ಮುಂಗೈಗೆ ಇಳಿಯಿತು.

"ಅಪ್ಪಾ, ಅವತ್ತು ನೀ ಬ್ಯಾಡ ಅಂದಿದ್ರೂ ಆಡ್ತಿದ್ದೆ ನಾನು."

ಸುಳ್ಳು. ಇಬ್ಬರಿಗೂ ಗೊತ್ತು. ಗೋಡೆಗೆ ತಿರುಗಿದೆ. 'ತೀ' ಬರೆದೆ. ಮುಂದಿನ ಅಕ್ಷರಕ್ಕೆ ಮತ್ತೆ ಬ್ರಷ್ ಅದ್ದಿದೆ.