ಕೋಟಿನ ಬಳಗದಿಂದ ಕಸ್ತೂರಿ ಬಡಿಗೇರ ಅವರಿಗೆ

ನೆರಳು ರಸ್ತೆ, ಗದಗ-ಬೆಟಗೇರಿ
ಶ್ರಾವಣ ಮೂವತ್ತೆರಡು, ಬಿಡುವಾರ, ೨೩೪೮

ಕಸ್ತೂರಿ ಬಡಿಗೇರ ಅವರಿಗೆ ಬಿಸಿಲು ಹೂಗಾರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಪತ್ರವನ್ನು ಪಕ್ಕಕ್ಕಿಡಬೇಡಿ. ನಮ್ಮಲ್ಲಿ ವಾರಕ್ಕೆ ಎಂಟು ದಿನ, ತಿಂಗಳಿಗೆ ಮೂವತ್ತೆರಡು. ಎಂಟನೆಯ ದಿನಕ್ಕೆ ಬಿಡುವಾರವೆಂದು ಹೆಸರು, ಅಂದು ಯಾರೂ ಅಂಗಡಿಯ ಬಾಗಿಲು ತೆರೆಯುವಂತಿಲ್ಲ. ಹಾಗಾಗಿ ಬರೆಯಲು ಪುರಸೊತ್ತಾಗಿದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹದ ಭಾಷೆಯನ್ನು ನಾನು ಕಲಿತದ್ದು ಹಳೆಯ ಮದುವೆಯ ಆಮಂತ್ರಣ ಪತ್ರಿಕೆಗಳಿಂದ. ನಮಗೆ ಉಳಿದುಬಂದಿರುವುದರಲ್ಲಿ ಅವೇ ಹೆಚ್ಚು. ನಡುವೆ ಎಲ್ಲಾದರೂ ಸಕುಟುಂಬ ಸಪರಿವಾರ ಎಂಬಂಥ ಮಾತು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಊರಿನವರ ಬಾಯಿಮಾತು ಮಾತ್ರ ಆಗಿನಂತೆಯೇ ಇದೆ ಎಂದು ಹಿರಿಯರು ಹೇಳುತ್ತಾರೆ. ನಿಜವೋ ಸುಳ್ಳೋ ನೀವೇ ಹೇಳಬೇಕು.

ನಿಮ್ಮನ್ನು ಏನೆಂದು ಕರೆಯಬೇಕು ಎಂಬಲ್ಲಿಂದಲೇ ನನ್ನ ಗೊಂದಲ ಶುರು. ಲೆಕ್ಕ ಹಿಡಿದರೆ ನೀವು ನನ್ನ ಅಜ್ಜಿಯ ಅಜ್ಜಿಗೂ ಎಷ್ಟೋ ತಲೆಮಾರು ಹಿಂದಿನ ಅಜ್ಜಿಯಾಗಬೇಕು. ಆದರೆ ನಿಮ್ಮ ಕೈಯನ್ನು ನಾನು ಚಿತ್ರದಲ್ಲಿ ನೋಡಿದ್ದೇನೆ. ಅದು ನನಗಿಂತ ನಾಲ್ಕಾರು ವರ್ಷ ದೊಡ್ಡವರ ಕೈಯಂತಿದೆ, ಅಷ್ಟೆ. ಅಕ್ಕಾರ ಎಂದೇ ಕರೆಯುತ್ತೇನೆ.

ಈ ಪತ್ರ ನಿಮ್ಮ ಕೈಸೇರುತ್ತದೆಂಬ ಭರವಸೆಯೂ ಇಲ್ಲ. ಹುಬ್ಬಳ್ಳಿಯಲ್ಲಿ ಹಿಂದಂಚೆ ಎಂಬ ಹೊಸ ಕಚೇರಿ ತೆರೆದು, ಇದೀಗ ಇಲ್ಲಿಯೂ ಅದರದೊಂದು ಕಿಟಕಿ ಇಟ್ಟಿದ್ದಾರೆ. ಹಿಂದಿನ ಕಾಲದವರಿಗೆ ಬರೆದ ಪತ್ರಗಳನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. "ಖರೇನ ಮುಟ್ಟತೈತೇನ್ರೀ?" ಎಂದು ಕಿಟಕಿಯ ಹೆಂಗಸನ್ನು ಕೇಳಿದೆ. "ಮುಟ್ಟಿಲ್ಲಂತ ಇಲ್ಲೀತನಾ ಯಾರೂ ಜಗಳಾಕ್ಕ ಬಂದಿಲ್ರೀ" ಎಂದಳು. ಇದಕ್ಕೆ ಸಮಾಧಾನ ಪಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ನನ್ನ ಹೆಸರಿನ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಕಾಲದಲ್ಲಿ ಮಗು ಹುಟ್ಟಿದ ಗಳಿಗೆಯಲ್ಲಿ ಹೊರಗೆ ಹವೆ ಹೇಗಿತ್ತೋ ಅದನ್ನೇ ಹೆಸರಾಗಿ ಇಡುತ್ತಾರೆ. ಗದಗಿನಲ್ಲಿ ಅರ್ಧಕ್ಕರ್ಧ ಮಂದಿ ಬಿಸಿಲು ಎಂಬ ಹೆಸರಿನವರೇ. ಬೀದಿಗಳಿಗೆಲ್ಲ ಮೇಲೆ ಹೊದಿಕೆ ಹಾಕಿದ್ದಾರೆ, ಅದಕ್ಕೇ ಇದು ನೆರಳು ರಸ್ತೆ. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಆ ಹೊದಿಕೆಗೆ ತಾಗಿ ಇಡೀ ಓಣಿಗೆ ಕೇಳಿಸುತ್ತದೆ. ಸಂಜೆಗೆ ಮಿರ್ಚಿ, ಗಿರ್ಮಿಟ್ ಇದ್ದೇ ಇವೆ. ಆದರೆ ನಮ್ಮ ಗೋಡೆಗಳು ನಿಮ್ಮ ಗೋಡೆಗಳಂತಲ್ಲ. ಅವಕ್ಕೆ ನೋಟಗೋಡೆ ಎನ್ನುತ್ತೇವೆ. ನಡೆಯುವಾಗ, ಉಣ್ಣುವಾಗ, ತೂಕಡಿಸುವಾಗ ಅವು ತಾವಾಗಿಯೇ ಎಲ್ಲರ ಚಿತ್ರ ತೆಗೆದಿಡುತ್ತವೆ. ಒಬ್ಬೊಬ್ಬರದು ಲಕ್ಷಗಟ್ಟಲೆ ಇರುತ್ತವೆ. ಒಂದನ್ನೂ ಯಾರೂ ತೆರೆದು ನೋಡುವುದಿಲ್ಲ.

ಇಂಥ ಕಾಲದಲ್ಲಿ ನಾನು ಮಾಡುವ ಕಸುಬಿಗೆ ನಿಲ್ಲಿಸುವುದು ಎನ್ನುತ್ತಾರೆ, ನಮಗೆ ನಿಲ್ಲಿಸುವವರು ಎಂದು ಹೆಸರು. ಜನರನ್ನು ಎದುರಿಗೆ ನಿಲ್ಲಿಸಿ, ಕಣ್ಣಿಟ್ಟು ನೋಡಿ, ಗುಂಡಿ ಒತ್ತಿ ಒಂದೇ ಒಂದು ಚಿತ್ರ ಕೊಡುತ್ತೇವೆ. ನೀವು ಮಾಡುತ್ತಿದ್ದುದೂ ಇದೇ ಎಂದುಕೊಂಡಿದ್ದೇನೆ. ಬೆಟಗೇರಿಯ ಮಗ್ಗಗಳ ಓಣಿಯಲ್ಲಿ ನನ್ನ ಅಂಗಡಿ. ಗಿರಾಕಿ ಅಪರೂಪ. ಬಂದ ಗಿರಾಕಿಯ ಎದುರು ನನಗೆ ನಾಲಿಗೆ ಒಣಗುತ್ತದೆ. ಗದ್ದ ಮೇಲೆತ್ತಿ ಎಂದು ಹೇಳಲಾಗುವುದಿಲ್ಲ, ಬಾಯಿಯ ತನಕ ಬಂದು ನಿಲ್ಲುತ್ತದೆ. ಇನ್ನೊಬ್ಬರ ಮುಖ ಹೀಗಿರಲಿ, ಹಾಗಿರಲಿ ಎನ್ನಲು ನಾನು ಯಾರು ಎನಿಸುತ್ತದೆ. ಹೀಗೆ ಎಷ್ಟೋ ಜನ ತಲೆ ತಗ್ಗಿಸಿಕೊಂಡೇ ಚಿತ್ರವಾಗಿ ಹೋಗಿದ್ದಾರೆ.

ಆದರೂ ನನ್ನ ಅಂಗಡಿ ಉಳಿದಿರುವುದು ಕೋಟಿನ ಬಳಗದಿಂದ. ಗದಗ, ಕೊಪ್ಪಳ, ಹಾವೇರಿ, ಹುಬ್ಬಳ್ಳಿಯ ನಿಲ್ಲಿಸುವವರೆಲ್ಲ ಸೇರಿ ಮಾಡಿಕೊಂಡ ಬಳಗ ಅದು. ಕ್ಯಾಮೆರಾದ ಗಾಜನ್ನು ಒಟ್ಟಿಗೆ ಕೂತು ತಿಕ್ಕಿ ಹಂಚಿಕೊಳ್ಳುತ್ತೇವೆ. ಒಬ್ಬರು ಕಾಯಿಲೆ ಬಿದ್ದರೆ ಇನ್ನೊಬ್ಬರು ಬಂದು ಬಾಗಿಲು ತೆಗೆಯುತ್ತಾರೆ. ಬಳಗ ಬಿಟ್ಟರೆ ನನ್ನ ಅಂಗಡಿ ಒಂದು ತಿಂಗಳೂ ನಡೆಯದು. ಈಗ ಹೇಳುವುದನ್ನು ನಿಧಾನವಾಗಿ ಓದಿ ಅಕ್ಕಾರ, ಇಲ್ಲಿಯೇ ನೀವು ಬರುತ್ತೀರಿ.

ಮೂರು ತಲೆಮಾರಿನ ಹಿಂದೆ ಹಳೆಯ ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಡವೊಂದನ್ನು ಕೆಡವುವಾಗ ಒಂದು ನೆನಪಿನ ತಟ್ಟೆ ಸಿಕ್ಕಿತು. ನಿಮ್ಮ ಕಾಲದಲ್ಲಿ ಚಿತ್ರ ತುಂಬಿಡುತ್ತಿದ್ದ ಸಣ್ಣ ಪೆಟ್ಟಿಗೆ. ಅದರಲ್ಲಿ ನೂರಾರು ಮುಖಗಳು. ಒಬ್ಬರಂತೆ ಒಬ್ಬರಿಲ್ಲ, ಆದರೆ ಎಲ್ಲರ ಮೈಮೇಲೂ ಅದೇ ಕರಿ ಕೋಟು, ಎಲ್ಲ ಕೋಟಿನಲ್ಲೂ ಎರಡನೆಯ ಗುಂಡಿ ಇಲ್ಲ. ಕೆಳಗೆ ಕಸ್ತೂರಿ ಸ್ಟುಡಿಯೋ, ಗದಗ ಎಂಬ ಅಕ್ಷರ. ನಮ್ಮ ಹಿರಿಯರು ತಲೆ ಕೆಡಿಸಿಕೊಂಡು ಯೋಚಿಸಿ ತೀರ್ಮಾನಿಸಿದ್ದು ಇದು: ಇವರೆಲ್ಲ ಆ ಕಾಲದ ಫೋಟೋಗ್ರಾಫರುಗಳು, ಕೋಟು ಅವರ ಬಳಗದ ಗುರುತು. ಒಂದೇ ಊರಿನಲ್ಲಿ ಇಷ್ಟು ಜನರಿದ್ದರೆಂದರೆ ನಾವು ನಾಲ್ಕು ಮಂದಿ ಹೆದರುವುದೇಕೆ ಎಂದು ಅವರೂ ಬಳಗ ಕಟ್ಟಿದರು. ಅಂಥದೇ ಕೋಟು ಹೊಲಿಸಿದರು. ಎರಡನೆಯ ಗುಂಡಿಯನ್ನು ಇಂದಿಗೂ ನಾವು ಹಚ್ಚುವುದಿಲ್ಲ. ಚಿತ್ರಗಳಲ್ಲಿ ಕೆಲವರ ತೋಳು ಗಿಡ್ಡ, ಕೆಲವರದು ಬೆರಳು ಮುಚ್ಚುವಷ್ಟು ಉದ್ದ. ಗಿಡ್ಡ ತೋಳಿನವರು ಹಿರಿಯರು, ಉದ್ದ ತೋಳಿನವರು ಕಲಿಯುವವರು ಎಂದು ಅದಕ್ಕೂ ಅರ್ಥ ಹಚ್ಚಿದರು. ಹಾಗಾಗಿ ನಾನು ಇಷ್ಟು ವರ್ಷ ಬೆರಳು ಮುಚ್ಚುವ ತೋಳಿನಲ್ಲೇ ಕ್ಯಾಮೆರಾದ ಗುಂಡಿ ತಡವುತ್ತಿದ್ದೇನೆ. ಸೀರೆಯ ಮೇಲೆ ಕೋಟು ಹಾಕಿ, ಕಣ್ಣು ಅರಳಿಸಿ ಕೂತ ಒಬ್ಬ ಹೆಂಗಸಿದ್ದಾರೆ. ಅವರೇ ಮೊದಲ ಅಧ್ಯಕ್ಷೆ ಎಂದು ಪ್ರತಿವರ್ಷ ಮಾಲೆ ಹಾಕುತ್ತೇವೆ. ಅವರು ಯಾರು ಎಂಬುದು ನಿಮಗೆ ನೆನಪಿದೆಯೇ?

ನಾಳೆ ಬಳಗದ ಸಭೆ. ನನಗೆ ಗಿಡ್ಡ ತೋಳಿನ ಕೋಟು ಕೊಡುತ್ತಾರೆ. ಅದನ್ನು ತೊಟ್ಟು, ಆ ಮುಖಗಳನ್ನೆಲ್ಲ ತೂಗುಹಾಕಿದ ಗೋಡೆಯ ಮುಂದೆ ನಿಂತು, ಈ ನೂರಾರು ಜನರ ಸಾಲಿನಲ್ಲಿ ನಾನೂ ಒಬ್ಬಳು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಈ ಮಾತನ್ನು ತಡವರಿಸದೆ ಹೇಳಲಿಕ್ಕಾಗಿ ಆ ಮುಖಗಳನ್ನು ಇನ್ನಷ್ಟು ಹತ್ತಿರದಿಂದ ತಿಳಿದುಕೊಳ್ಳೋಣವೆಂದು ತಟ್ಟೆಯನ್ನು ಹುಬ್ಬಳ್ಳಿಗೆ ಒಯ್ದೆ. ಇದುವರೆಗೆ ಓದಲಾಗದಿದ್ದ ಅದರ ಕೊನೆಯ ಭಾಗವನ್ನು ಈಗ ಓದುವವರಿದ್ದಾರೆ. ಅಲ್ಲಿ ಎರಡು ಚಿತ್ರ ಸಿಕ್ಕವು. ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಂದು ಮನಸ್ಸು ಈಗಲೂ ಹೇಳುತ್ತದೆ.

ಮೊದಲನೆಯದು ಕೈತಪ್ಪಿ ತೆಗೆದದ್ದಿರಬೇಕು, ಓರೆಯಾಗಿದೆ. ಒಬ್ಬಾತ ಕೋಟಿನಿಂದ ಒಂದು ತೋಳು ಹೊರಗೆಳೆಯುತ್ತಿದ್ದಾನೆ, ಇನ್ನೊಬ್ಬ ಅದೇ ಕೋಟಿನ ಇನ್ನೊಂದು ತೋಳಿಗೆ ಕೈ ತೂರಿಸುತ್ತಿದ್ದಾನೆ. ಇಬ್ಬರೂ ನಗುತ್ತಿದ್ದಾರೆ. ಹಿಂದೆ ಬೆಂಚಿನ ಮೇಲೆ ತಮ್ಮ ಸರದಿಗಾಗಿ ಕಾಯುವ ಮೂರು ಜನ. ಎರಡನೆಯದು ಕನ್ನಡಿಯ ಚಿತ್ರ. ಖಾಲಿ ಕೋಣೆ, ಒಂದು ಸ್ಟೂಲು, ದಾರ ಕಟ್ಟಿ ಇಳಿಬಿಟ್ಟ ಬಾಚಣಿಕೆ, ಪೌಡರ್ ಡಬ್ಬಿ. ಮೊಳೆಗೆ ತೂಗುಹಾಕಿದ ಕೋಟು. ಕನ್ನಡಿಯ ನಡುವೆ ಬಳೆ ತೊಟ್ಟ ಕೈ, ಕೈಯಲ್ಲಿ ಕ್ಯಾಮೆರಾ, ಕ್ಯಾಮೆರಾದ ಹಿಂದೆ ಮುಚ್ಚಿಹೋದ ಮುಖ. ಬಾಗಿಲ ಗಾಜಿನ ಮೇಲಿನ ಅಕ್ಷರ ಕನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಕಸ್ತೂರಿ ಬಡಿಗೇರ, ಫೋಟೋಗ್ರಾಫರ್.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮತ್ತೆ ನೋಡಿದೆ. ಅವರೆಲ್ಲ ಗಿರಾಕಿಗಳು. ಕೋಟು ಅಂಗಡಿಯದು. ಫೋಟೋಗ್ರಾಫರ್ ನೀವು ಒಬ್ಬರೇ.

ಬಳಗದ ಹಿರಿಯರಾದ ಮೋಡಪ್ಪಜ್ಜನಿಗೆ ಎರಡೂ ಚಿತ್ರ ತೋರಿಸಿದೆ. ಇಡೀ ಗದಗಿನಲ್ಲಿ ಮೋಡವಿದ್ದ ದಿನ ಹುಟ್ಟಿದ ಪುಣ್ಯವಂತರು ಅವರೊಬ್ಬರೇ ಎಂದು ನಾವು ಚುಡಾಯಿಸುತ್ತೇವೆ. ಆ ದಿನ ಚುಡಾಯಿಸುವಂತಿರಲಿಲ್ಲ. ಬಹಳ ಹೊತ್ತು ನೋಡಿ, "ಅಂದ್ರ ನಾವು ಇಷ್ಟ ದಿವಸ ಗಿರಾಕಿ ಕೋಟ್ ಹಾಕ್ಕೊಂಡ ತಿರಗ್ಯಾಡೇವಿ ಅನ್ನು" ಎಂದರು.

"ಹೌದ್ರೀ ಅಜ್ಜಾರ."

"ಯಾರ ಮುಂದೂ ಬಾಯಿ ಬಿಡಬ್ಯಾಡ, ತಂಗಿ. ಇದ ಊರಾಗ ನಮ್ಮಂಥಾವ್ರು ನೂರಾರ ಮಂದಿ ಇದ್ರು ಅನ್ನೂ ಧೈರ್ಯದ ಮ್ಯಾಲ ನಾ ಅಂಗಡಿ ನಡಸೇನಿ. ಒಬ್ಬಾಕಿನ ಇದ್ಲು ಅಂತ ಗೊತ್ತಾದ್ರ ನಾಳಿ ಯಾರ್ ಬಾಗಲಾ ತಗೀತಾರ?"

ಎರಡೂ ಚಿತ್ರಗಳನ್ನು ಮಗುಚಿ ನನ್ನ ಕೈಗಿಟ್ಟರು. ಅವರು ಹೇಳಿದ್ದು ಸರಿ ಎನಿಸಿತು. ಮನೆಗೆ ಬಂದ ಮೇಲೆ ತಪ್ಪು ಎನಿಸಿತು. ಉಂಡು ಏಳುವಷ್ಟರಲ್ಲಿ ಮತ್ತೆ ಸರಿ ಎನಿಸಿತು. ಸುಮ್ಮನಿದ್ದರೆ ನಾಳೆ ಸುಳ್ಳು ಹೇಳಬೇಕು. ಹೇಳಿಬಿಟ್ಟರೆ ಬಳಗ ಒಡೆಯುತ್ತದೆ, ಬಳಗದೊಂದಿಗೆ ನನ್ನ ಅಂಗಡಿಯೂ ಹೋಗುತ್ತದೆ.

ಇದೇ ಗೊಂದಲದಲ್ಲಿ ನಿನ್ನೆ ಅಂಗಡಿಯಲ್ಲಿ ಕೂತಿದ್ದಾಗ ಗಾಳೆವ್ವ ಬಂದಳು. ನಮ್ಮ ಓಣಿಯಲ್ಲೇ ಮಗ್ಗದ ಕೆಲಸ ಮಾಡುವವಳು. ಕೂತು ಕೂತು ಬೆನ್ನು ಬಾಗಿದೆ. ಹಿಂದೆಯೂ ಬಾಗಿಲ ತನಕ ಬಂದು ತಿರುಗಿ ಹೋಗಿದ್ದಳು. ಈ ಸಲ ಒಳಗೆ ಬಂದವಳು ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಾ, "ಬ್ಯಾಡ ಬಿಡವಾ. ನನ್ನ ಯಾರ್ ನೋಡಬೇಕಾಗೇತಿ? ಗ್ವಾಡಿ ನೋಡ್ತಾವ, ಸಾಕು" ಎಂದು ಏಳತೊಡಗಿದಳು. ನನಗೇನು ಬಂತೋ, ನನ್ನ ಉದ್ದ ತೋಳಿನ ಕೋಟು ಬಿಚ್ಚಿ ಅವಳ ಹೆಗಲಿಗೆ ಹಾಕಿದೆ. ಹೊರಗಿನವರು ಕೋಟು ಮುಟ್ಟುವಂತಿಲ್ಲ ಎಂಬುದು ಬಳಗದ ಕಟ್ಟಳೆ. ಅದು ನೆನಪಾಗುವಷ್ಟರಲ್ಲಿ ಅವಳು ಎರಡೂ ಕೈ ತೂರಿಸಿ, ಕೊರಳಪಟ್ಟಿ ಸರಿಮಾಡಿಕೊಂಡು ಕೂತಾಗಿತ್ತು.

ಅಕ್ಕಾರ, ಅವಳ ಬೆನ್ನು ನೆಟ್ಟಗಾಯಿತು. ಪೂರ್ತಿ ಅಲ್ಲ, ಆಗುವಷ್ಟು ಆಯಿತು. ಕ್ಯಾಮೆರಾ ಎತ್ತಿಕೊಂಡಾಗ ಮೊದಲ ಸಲ ನನ್ನ ಬೆರಳುಗಳು ಬಿಡಿಯಾಗಿದ್ದವು, ಗುಂಡಿ ತಡವಬೇಕಾಗಿರಲಿಲ್ಲ. "ಗದ್ದ ಸ್ವಲ್ಪ ಮ್ಯಾಲ ಮಾಡ್ರಿ" ಎಂದು ಯಾರೋ ಅಂದರು. ನೋಡಿದರೆ ನಾನೇ. ಅವಳು ಎತ್ತಿದಳು. ಚಿತ್ರ ಕೈಗೆ ಕೊಟ್ಟಾಗ ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಇಕಿ ಯಾರವಾ? ಭಾಳ ಗಟ್ಟಿಗಿತ್ತಿ ಕಾಣ್ತಾಳ" ಎಂದಳು. ಹೋಗುವಾಗ ಕೋಟನ್ನು ಬಿಚ್ಚಿ, ಭುಜದ ಮೇಲಿನ ಧೂಳು ತಟ್ಟಿ ನನ್ನ ಕೈಗಿಟ್ಟಳು. ನನಗೆ ಅಳು ಬಂತು. ಖುಷಿಗೋ ಹೆದರಿಕೆಗೋ ಎಂಬುದು ಈಗಲೂ ಬಗೆಹರಿದಿಲ್ಲ.

ಆಮೇಲೆ ಇನ್ನೊಂದು ಹೊಸ ಗೊಂದಲ. ನೂರಾರು ಜನರ ಸಾಲಿನಲ್ಲಿ ನಾನೂ ಒಬ್ಬಳು ಎಂಬ ಮಾತು ಅಷ್ಟು ಸುಳ್ಳೂ ಅಲ್ಲವೇನೋ. ನಿಮ್ಮ ಬೆಂಚಿನ ಮೇಲೆ ಅಂಗೈ ಬೆವರಿಸಿಕೊಂಡು ಕೂತು, ಆಮೇಲೆ ಎದ್ದು ಕೋಟು ತೊಟ್ಟವರ ಸಾಲು ಅದು. ಆ ಸಾಲಿನಲ್ಲಿ ನಾನು ಖಂಡಿತ ಇದ್ದೇನೆ. ಮೋಡಪ್ಪಜ್ಜನೂ ಇದ್ದಾರೆ. ಇದನ್ನು ನಾಳೆ ಸಭೆಯಲ್ಲಿ ಹೇಳಿಯೇ ಬಿಡುತ್ತೇನೆ. ಗೋಡೆಗೆ ಒಂದು ಮೊಳೆ ಹೊಡೆದು, ಬೇಕಾದವರು ತೊಡಲಿ ಎಂದು ನನಗೆ ಕೊಡುವ ಕೋಟನ್ನು ಅದಕ್ಕೆ ಹಾಕುತ್ತೇನೆ. ಗಾಳೆವ್ವನಿಗೂ ಬಾ ಎಂದಿದ್ದೇನೆ, ಸಕುಟುಂಬ ಸಪರಿವಾರ ಬರುತ್ತಾಳಂತೆ. ಯಾರು ಉಳಿಯುತ್ತಾರೋ, ಯಾರು ಎದ್ದು ಹೋಗುತ್ತಾರೋ ಗೊತ್ತಿಲ್ಲ.

ಆದರೆ ಒಂದು ಕೊರತೆ ಇದೆ, ಅದಕ್ಕೇ ಈ ಪತ್ರ. ಇವರೆಲ್ಲ ಗಿರಾಕಿಗಳಾದರೆ ಇವರನ್ನು ನಿಲ್ಲಿಸಿದವರು ಎಲ್ಲಿ ಎಂದು ಸಭೆ ಕೇಳಿಯೇ ಕೇಳುತ್ತದೆ. ತೋರಿಸಲು ನನ್ನ ಬಳಿ ಬಳೆ ತೊಟ್ಟ ಒಂದು ಕೈ ಮಾತ್ರ ಇದೆ. ಅಷ್ಟು ಮುಖಗಳ ನಡುವೆ ನಿಮ್ಮದಿಲ್ಲ. ಕನ್ನಡಿಯ ಚಿತ್ರವಾದ ಮೇಲೆ ತಟ್ಟೆಯಲ್ಲಿ ಏನೂ ಇಲ್ಲ. ತಟ್ಟೆ ತುಂಬಿತೋ, ಆ ಖಾಲಿ ಕೋಣೆ ನೋಡಿ ಬೇಸತ್ತು ನೀವು ಬಾಗಿಲು ಮುಚ್ಚಿದಿರೋ, ಈ ಯೋಚನೆ ನನ್ನನ್ನು ಬಿಡುತ್ತಿಲ್ಲ. ಎಲ್ಲರಿಗೂ ತೊಡಿಸಿದ ಕೋಟನ್ನು ನೀವು ಒಮ್ಮೆಯಾದರೂ ತೊಟ್ಟಿದ್ದಿರಾ?

ಪತ್ರವನ್ನು ಆ ಕನ್ನಡಿಯ ದಿನಕ್ಕೇ ಕಳಿಸುತ್ತಿದ್ದೇನೆ. ನೀವು ಇನ್ನೂ ಆ ಕೋಣೆಯಲ್ಲೇ ಇರಬಹುದು. ಇದನ್ನು ಓದಿ ನೀವು ನಿಮ್ಮ ಚಿತ್ರ ತೆಗೆದುಕೊಂಡಿದ್ದರೆ ಅದು ತಟ್ಟೆಯಲ್ಲಿ ಈಗಾಗಲೇ ಸಿಗಬೇಕಿತ್ತಲ್ಲ ಎಂದು ತಲೆ ಕೇಳುತ್ತದೆ. ಪತ್ರ ಇನ್ನೂ ಹಾಕಿಲ್ಲವಲ್ಲ ಎಂದು ನಾನೇ ಉತ್ತರ ಕೊಟ್ಟುಕೊಳ್ಳುತ್ತೇನೆ. ನಾಳೆ ಬೆಳಿಗ್ಗೆ ಹಿಂದಂಚೆಯ ಕಿಟಕಿ ತೆರೆದ ಕೂಡಲೇ ಇದನ್ನು ಹಾಕಿ, ತಟ್ಟೆಯನ್ನು ಮತ್ತೊಮ್ಮೆ ತೆರೆದು ನೋಡಿ, ಆಮೇಲೆ ಸಭೆಗೆ ಹೋಗುತ್ತೇನೆ. ಆ ಮುಖಗಳ ಗೋಡೆಯ ನಡುವೆ ನಿಮ್ಮ ಚಿತ್ರಕ್ಕೆಂದು ಒಂದು ಜಾಗ ಖಾಲಿ ಇಟ್ಟಿದ್ದೇನೆ.

ಮೊಳೆಯಿಂದ ಕೋಟು ತೆಗೆಯಿರಿ. ಎರಡನೆಯ ಗುಂಡಿ ಇಲ್ಲದಿದ್ದರೂ ನಡೆಯುತ್ತದೆ. ತೋಳು ಉದ್ದವಾದರೆ ಮಡಚಿಕೊಳ್ಳಿ. ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು ನೀವು ಈ ಕಡೆ ಬನ್ನಿ. ಇಲ್ಲಿ ನೋಡಿ.

ಗದ್ದ ಸ್ವಲ್ಪ ಮ್ಯಾಲ ಮಾಡ್ರಿ, ಅಕ್ಕಾರ.

ನಿಮ್ಮ ಆಗಮನಾಭಿಲಾಷಿ,
ಬಿಸಿಲು ಹೂಗಾರ